ಹಗ್ಗವಿಲ್ಲದ ಕೊಡ

ಬಾವಿಗೆ ಬಿಟ್ಟ ಕೊಡ ನೀರು ತುಂಬಿದೊಡನೆ ಮುಳುಗುತ್ತದೆ. ಹಗ್ಗವಿರುವುದರಿಂದ ಮೇಲೆ ಬರುತ್ತದೆ. ಹವ್ಯಾಸಿಗಳು ಮನೆಯಲ್ಲೇ ಕಟ್ಟುವ ಪುಟ್ಟ ಜಲಾಂತರ್ಗಾಮಿಗೆ ಹಗ್ಗವೆಲ್ಲಿ? ಅದನ್ನು ಮೇಲೆತ್ತುವ ಹೊಣೆ ಅದರ ಸಾಮಗ್ರಿಯದೇ.

ಭಾರಕ್ಕೆ ಸೀಸ ಉತ್ತಮ. ನೀರಿಗಿಂತ ಹನ್ನೊಂದು ಪಟ್ಟು ತೂಕವಾದುದರಿಂದ ಸ್ವಲ್ಪ ಜಾಗ ಸಾಕು. ಆದರೆ ಕರಗಿಸುವಾಗ ಏಳುವ ಹೊಗೆ ವಿಷ, ಎಚ್ಚರ ಬೇಕು.

ತೇಲಿಸಲು ಥರ್ಮಕೋಲ್ ಸಾಲದೆ? ಸಾಲದು. ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೆದುವಾದದ್ದು ಕುಗ್ಗಿದಷ್ಟೂ ತೇಲಿಸುವ ಶಕ್ತಿ ಕುಂದುತ್ತದೆ. ಆಳಕ್ಕಿಳಿಯುವವರು ಟೊಳ್ಳಾದ ಗಾಜಿನ ಸೂಕ್ಷ್ಮ ಗೋಲಿಗಳನ್ನು ರಾಳದಲ್ಲಿ ಕಲಸಿ ಮಾಡಿದ ಗಟ್ಟಿ ಪದಾರ್ಥವನ್ನು ಬಳಸುತ್ತಾರೆ.

1960ರ ಜನವರಿ 23ರಂದು ಮರಿಯಾನಾ ಕಂದಕದ ತಳ ಮುಟ್ಟಿದ 'ಟ್ರಿಯೆಸ್ಟ್' ನೌಕೆಯನ್ನು ತೇಲಿಸುತ್ತಿದ್ದುದು ಪೆಟ್ರೋಲು. ಅದು ಬೆಂಕಿಯ ಬಂಧು, ಮನೆಯ ಕೆಲಸಕ್ಕೆ ಸಲ್ಲದು. ಆ ನೌಕೆಯ ಭಾರದ ಏರ್ಪಾಡು ಮಾತ್ರ ಕಲಿಯತಕ್ಕದ್ದು. ಕಬ್ಬಿಣದ ಗುಂಡುಗಳನ್ನು ವಿದ್ಯುತ್ಕಾಂತಗಳು ಹಿಡಿದಿದ್ದುವು. ವಿದ್ಯುತ್ತು ಕೆಟ್ಟರೆ ಗುಂಡುಗಳು ತಾವಾಗಿ ಉದುರಿ ನೌಕೆ ಮೇಲೇಳುತ್ತಿತ್ತು.

ಮನೆಯ ನೌಕೆಯಲ್ಲೂ ಒಳಗಿದ್ದವನು ಕೈಯಿಂದಲೇ ಕಳಚಬಲ್ಲ ಸೀಸದ ಗಟ್ಟಿಯೊಂದು ಅಡಿಯಲ್ಲಿರಬೇಕು. ಅದಿಲ್ಲದ ನೌಕೆಯಲ್ಲಿ ಯಾರನ್ನೂ ಕೂರಿಸಬಾರದು.