ನವನಗರ, ಬಾಗಲಕೋಟೆ

ನವನಗರವು ಕರ್ನಾಟಕದ ಬಾಗಲಕೋಟೆ ನಗರದ ಒಂದು ಯೋಜಿತ ವಸತಿ ಪ್ರದೇಶ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮುಳುಗಡೆಗೆ ಒಳಗಾದ ಹಳೆಯ ಬಾಗಲಕೋಟೆಯ ನಿವಾಸಿಗಳ ಪುನರ್ವಸತಿಗಾಗಿ ಇದನ್ನು ನಿರ್ಮಿಸಲಾಯಿತು. ಅಗಲವಾದ ರಸ್ತೆಗಳು, ರಸ್ತೆ ಬದಿಯ ಮರಗಳು, ಉದ್ಯಾನಗಳಿಗೆ ಮೀಸಲಿಟ್ಟ ಜಾಗಗಳು ಹಾಗೂ ಸಂಖ್ಯೆಗಳಿಂದ ಗುರುತಿಸುವ ಸೆಕ್ಟರುಗಳು ಇದರ ಮುಖ್ಯ ಲಕ್ಷಣಗಳು. ಬಾಗಲಕೋಟೆ ನಗರವು ಇಂದು ಹಳೆಯ ಬಾಗಲಕೋಟೆ, ವಿದ್ಯಾಗಿರಿ ಮತ್ತು ನವನಗರ ಎಂಬ ಮೂರು ಭಾಗಗಳಲ್ಲಿ ಹರಡಿಕೊಂಡಿದೆ. 2011ರ ಜನಗಣತಿಯಂತೆ ಇಡೀ ನಗರದ ಜನಸಂಖ್ಯೆ ಸುಮಾರು 1.12 ಲಕ್ಷ.

ಹಿನ್ನೆಲೆ

ಹಳೆಯ ಬಾಗಲಕೋಟೆಯು ಘಟಪ್ರಭಾ ನದಿಯ ದಡದಲ್ಲಿದೆ. ಈ ನದಿಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಂಗಮದಿಂದ ಕೆಳಕ್ಕೆ, ಕೃಷ್ಣೆಯ ಹರಿವಿನಲ್ಲಿ ಆಲಮಟ್ಟಿ ಅಣೆಕಟ್ಟು ಇದೆ. ಆದ್ದರಿಂದ ಆಲಮಟ್ಟಿಯಲ್ಲಿ ನೀರು ನಿಂತಾಗ ಅದು ಕೃಷ್ಣೆಯಲ್ಲಿ ಮಾತ್ರವಲ್ಲದೆ ಘಟಪ್ರಭೆಯ ಪಾತ್ರದಲ್ಲಿಯೂ ಹಿಂದಕ್ಕೆ ಚಾಚಿಕೊಂಡು ಬಾಗಲಕೋಟೆಯನ್ನು ಮುಟ್ಟುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾದ ಈ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ನೆರವೇರಿಸಿದರು. ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಬಯಲುಸೀಮೆಯ ಬರಗಾಲದ ಹೊಲಗಳಿಗೆ ನೀರು ಒದಗಿಸುವುದು ಯೋಜನೆಯ ಉದ್ದೇಶವಾಗಿತ್ತು. ಅದಕ್ಕಾಗಿ ನದಿ ದಡದ ಅನೇಕ ಹಳ್ಳಿಗಳು ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು. ಅವುಗಳ ಜೊತೆಗೆ ವ್ಯಾಪಾರ, ನೇಯ್ಗೆಗಳಿಂದ ಬೆಳೆದಿದ್ದ ಬಾಗಲಕೋಟೆಯಂತಹ ದೊಡ್ಡ ಪಟ್ಟಣವೂ ಮುಳುಗಡೆಯ ಪಟ್ಟಿಗೆ ಸೇರಿತು.

ಹಳೆಯ ಊರಿನ ರಚನೆ

ನವನಗರದ ಸ್ವರೂಪವನ್ನು ತಿಳಿಯಲು ಅದಕ್ಕೆ ಮೂಲವಾದ ಊರಿನ ಪರಿಚಯ ಅಗತ್ಯ. ಹಳೆಯ ಬಾಗಲಕೋಟೆಯು ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಮೊದಲಾದ ಪೇಟೆಗಳಿಂದ ಕೂಡಿದ ಊರು. ಉತ್ತರ ಕರ್ನಾಟಕದ ಇತರ ಹಳೆಯ ಪಟ್ಟಣಗಳಂತೆ ಇಲ್ಲಿಯೂ ಇಕ್ಕಟ್ಟಾದ ಓಣಿಗಳು, ಗೋಡೆಗೆ ಗೋಡೆ ತಾಗಿದ ಮನೆಗಳು, ಮಣ್ಣಿನ ಮಾಳಿಗೆಗಳು, ಪಡಸಾಲೆಗಳು ಹಾಗೂ ಬಾಗಿಲ ಮುಂದಿನ ಕಟ್ಟೆಗಳು ಸಾಮಾನ್ಯ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಪ್ರದೇಶದಲ್ಲಿ ಒತ್ತೊತ್ತಾದ ಮನೆಗಳೇ ಒಂದಕ್ಕೊಂದು ನೆರಳಾಗುತ್ತಿದ್ದವು. ಇಂತಹ ಓಣಿಗಳಲ್ಲಿ ಕಟ್ಟೆಯೇ ನೆರೆಹೊರೆಯವರು ಕೂಡುವ ಜಾಗ. ವಿಳಾಸ ಹೇಳಲು ಓಣಿಯ ಹೆಸರು ಮತ್ತು ಮನೆತನದ ಹೆಸರು ಸಾಕಾಗುತ್ತಿತ್ತು.

ಯೋಜನೆ ಮತ್ತು ನಿರ್ಮಾಣ

ಪುನರ್ವಸತಿಯ ಕಾರ್ಯಕ್ಕೆಂದೇ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1983ರ ಅಡಿಯಲ್ಲಿ ಪ್ರತ್ಯೇಕ ಪ್ರಾಧಿಕಾರವೊಂದನ್ನು ರಚಿಸಲಾಯಿತು. ಹೊಸ ಊರಿನ ಯೋಜನೆಯನ್ನು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ರೂಪಿಸಿದರು. ಕೊರಿಯಾ ಅವರು ಇದಕ್ಕೂ ಮುನ್ನ ನವಿ ಮುಂಬಯಿಯ ಯೋಜನೆಯಲ್ಲಿ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಭಾರತದ ಹವಾಮಾನಕ್ಕೆ ಎತ್ತರದ ಕಟ್ಟಡಗಳಿಗಿಂತ ಅಂಗಳವುಳ್ಳ ತಗ್ಗಿನ ಮನೆಗಳೇ ಹೊಂದುತ್ತವೆ, ಆಕಾಶಕ್ಕೆ ತೆರೆದ ಜಾಗವೂ ಮನೆಯ ಒಂದು ಕೋಣೆಯೇ ಎಂಬುದು ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣುವ ವಿಚಾರ.

ಹಳೆಯ ಊರಿಗಿಂತ ಎತ್ತರದ ಬಯಲಿನಲ್ಲಿ ನವನಗರ ಮೈದಳೆಯಿತು. ಇಡೀ ಪ್ರದೇಶವನ್ನು ಯುನಿಟ್‌ಗಳೆಂಬ ದೊಡ್ಡ ಭಾಗಗಳಾಗಿಯೂ, ಪ್ರತಿ ಯುನಿಟ್ಟನ್ನು ಸೆಕ್ಟರುಗಳಾಗಿಯೂ ವಿಂಗಡಿಸಲಾಗಿದೆ. ಮುಳುಗಡೆಯು ಒಂದೇ ಬಾರಿಗೆ ಆಗದೆ ನೀರಿನ ಮಟ್ಟಕ್ಕೆ ಅನುಗುಣವಾಗಿ ಹಂತಹಂತವಾಗಿ ನಿಗದಿಯಾದುದರಿಂದ ಯುನಿಟ್‌ಗಳೂ ಹಂತಹಂತವಾಗಿ ಬೆಳೆದವು.

ನೀರಿನ ಮಟ್ಟ ಮತ್ತು ಸ್ಥಳಾಂತರ

ಆಲಮಟ್ಟಿ ಅಣೆಕಟ್ಟಿನ ಎತ್ತರವು ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ನಡುವೆ ದೀರ್ಘಕಾಲದ ವಿವಾದವಾಗಿತ್ತು. 2000ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ಸಂಗ್ರಹಿಸಲು ಅವಕಾಶ ನೀಡಿತು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 524.256 ಮೀಟರ್‌ವರೆಗಿನ ಸಂಗ್ರಹಕ್ಕೆ ಸಮ್ಮತಿಸಿತು. ಈ ಎರಡು ಅಂಕಿಗಳ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಆದರೆ ಇಳಿಜಾರು ಕಡಿಮೆ ಇರುವ ನದಿಬಯಲಿನಲ್ಲಿ ಒಂದೊಂದು ಮೀಟರ್ ಏರಿದಾಗಲೂ ನೀರು ಬಹುದೂರ ಹರಡುತ್ತದೆ. ಹೊಸ ಮಟ್ಟದಿಂದ ಇನ್ನಷ್ಟು ಹಳ್ಳಿಗಳೂ, ಬಾಗಲಕೋಟೆಯ ಇನ್ನೂ ಕೆಲವು ವಾರ್ಡುಗಳೂ ಮುಳುಗಡೆಯ ವ್ಯಾಪ್ತಿಗೆ ಬರುತ್ತವೆ.

ಹೀಗೆ ಹಳೆಯ ಊರು ಪೂರ್ಣವಾಗಿ ಮುಳುಗಲಿಲ್ಲ, ಪೂರ್ಣವಾಗಿ ಉಳಿಯಲೂ ಇಲ್ಲ. ಒಂದೇ ಊರಿನ ಕೆಲವರು ನವನಗರದಲ್ಲಿ ನೆಲೆಸಿದರೆ ಕೆಲವರು ಹಳೆಯ ಪೇಟೆಗಳಲ್ಲಿಯೇ ಉಳಿದರು. ಮುಂದೆ ತೆರವಾಗಬಹುದಾದ ಮನೆಯನ್ನು ದುರಸ್ತಿ ಮಾಡಿಸಬೇಕೇ, ಬಿಡಬೇಕೇ ಎಂಬ ಪ್ರಶ್ನೆ ಇಂತಹ ಊರುಗಳ ನಿವಾಸಿಗಳನ್ನು ವರ್ಷಗಟ್ಟಲೆ ಕಾಡುತ್ತದೆ.

ಬಡಾವಣೆಯ ಸ್ವರೂಪ

ನವನಗರದ ಮನೆಗಳ ನಡುವೆ ಅಂತರವಿದೆ. ಮನೆಯ ಮುಂದೆ ಒಂದೆರಡು ಗಿಡ ಬೆಳೆಸಲು ಜಾಗವಿದೆ. ಹಳೆಯ ಓಣಿಯಲ್ಲಿ ಮನೆಯ ಗೋಡೆ ಕೊಡುತ್ತಿದ್ದ ನೆರಳನ್ನು ಇಲ್ಲಿ ಮರವೇ ಕೊಡಬೇಕು. ಮನೆಯನ್ನು ಒಂದೆರಡು ವರ್ಷಗಳಲ್ಲಿ ಕಟ್ಟಿ ಮುಗಿಸಬಹುದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೇವು, ಹೊಂಗೆಗಳಂತಹ ಮರಗಳು ರಸ್ತೆಗೆ ನೆರಳು ಚಾಚುವುದಕ್ಕೆ ಹತ್ತಾರು ವರ್ಷ ಬೇಕು. ಆದ್ದರಿಂದ ಮೊದಲ ತಲೆಮಾರಿನವರಿಗೆ ಬಯಲಾಗಿದ್ದ ಊರು ಮುಂದಿನ ತಲೆಮಾರಿಗೆ ಹಸಿರಿನ ಬಡಾವಣೆಯಾಗಿ ದೊರೆಯುತ್ತದೆ. ವಿಳಾಸದಲ್ಲಿ ಓಣಿಯ ಹೆಸರಿನ ಸ್ಥಾನವನ್ನು ಸೆಕ್ಟರ್ ಸಂಖ್ಯೆ ಪಡೆದಿದೆ.

ಊರಿನ ಹಳೆಯ ನಂಟು ಹೋಳಿ ಹಬ್ಬದಲ್ಲಿ ಎದ್ದು ಕಾಣುತ್ತದೆ. ಬಾಗಲಕೋಟೆಯ ಹೋಳಿ ನಾಡಿನಲ್ಲಿಯೇ ಪ್ರಸಿದ್ಧ. ಹಲಗೆಯ ನಾದ, ಕಾಮದಹನ, ಬಣ್ಣ ತುಂಬಿದ ಬಂಡಿಗಳ ಮೆರವಣಿಗೆ ಇದರ ವೈಶಿಷ್ಟ್ಯ. ಬಣ್ಣದಾಟವು ಮೂರು ದಿನ ನಡೆಯುತ್ತದೆ. ಈ ಆಚರಣೆಗೆ ಇಂದಿಗೂ ಹಳೆಯ ಪೇಟೆಗಳೇ ಆಧಾರ. ನವನಗರ ಮತ್ತು ವಿದ್ಯಾಗಿರಿಗಳಲ್ಲಿಯೂ ಬಣ್ಣದಾಟ ನಡೆಯುತ್ತದೆ.

ಆಡಳಿತ ಮತ್ತು ಶಿಕ್ಷಣ

1997ರ ಆಗಸ್ಟ್ 15ರಂದು ಆಗಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಹೊಸ ಜಿಲ್ಲೆಯ ಕಚೇರಿಗಳಿಗೆ ಬೇಕಾದ ವಿಶಾಲ ಸ್ಥಳ ನವನಗರದಲ್ಲಿ ದೊರೆತುದರಿಂದ ಜಿಲ್ಲಾಡಳಿತ ಭವನವು ಇಲ್ಲಿಯೇ ನಿರ್ಮಾಣವಾಯಿತು. ಪುನರ್ವಸತಿ ಕೇಂದ್ರವಾಗಿ ಆರಂಭಗೊಂಡ ಪ್ರದೇಶವು ಇದರಿಂದ ನೌಕರರು, ವಿದ್ಯಾರ್ಥಿಗಳು ಹಾಗೂ ಸುತ್ತಲಿನ ತಾಲ್ಲೂಕುಗಳ ಜನರನ್ನೂ ಸೆಳೆಯಿತು.

ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ನವನಗರದಲ್ಲಿದೆ. 2008ರಲ್ಲಿ ಸ್ಥಾಪನೆಗೊಂಡ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣವು ಸಮೀಪದ ಉದ್ಯಾನಗಿರಿಯಲ್ಲಿದೆ. 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ವಿದ್ಯಾಗಿರಿಯಲ್ಲಿದ್ದು, ಹಳೆಯ ಊರು ಮತ್ತು ನವನಗರಗಳ ನಡುವೆ ಕೊಂಡಿಯಂತಿವೆ.

ಸಂಪರ್ಕ

ಹುಬ್ಬಳ್ಳಿಯ ಕಡೆಯಿಂದ ಬರುವವರು ನರಗುಂದ, ಕುಳಗೇರಿ ಕ್ರಾಸ್, ಕೆರೂರು ಮತ್ತು ಗದ್ದನಕೇರಿ ಕ್ರಾಸ್ ಮಾರ್ಗವಾಗಿ ನವನಗರವನ್ನು ತಲುಪಬಹುದು. ಬಾದಾಮಿಗೆ ಹೋಗುವ ರಸ್ತೆಯು ಕುಳಗೇರಿ ಕ್ರಾಸ್‌ನಲ್ಲಿ ಕವಲೊಡೆಯುತ್ತದೆ. ಬಾಗಲಕೋಟೆ ರೈಲು ನಿಲ್ದಾಣವು ಗದಗ–ಹೊಟಗಿ ಮಾರ್ಗದಲ್ಲಿದೆ.