ಬೆರಿಲಿಯಂ ತಾಮ್ರದ ಬಲ

ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದರಲ್ಲಿಯೂ ಗಾಳಿನೀರುಗಳ ಪೆಟ್ಟನ್ನು ತಾಳುವುದರಲ್ಲಿಯೂ ತಾಮ್ರಕ್ಕೆ ಸರಿಯಾದ ಲೋಹಗಳು ಕೆಲವೇ ಆದರೂ, ಬಲದ ಮಾತು ಬಂದಾಗ ಅದು ಉಕ್ಕಿಗಿಂತ ಬಹಳ ಹಿಂದುಳಿಯುತ್ತದೆ. ಈ ಕೊರತೆಯನ್ನು ತುಂಬತಕ್ಕ ಮಿಶ್ರಲೋಹವೇ ಬೆರಿಲಿಯಂ ತಾಮ್ರ. 1798ರಲ್ಲಿ ಫ್ರಾನ್ಸಿನ ವೋಕ್ಲಾಂ ಬೆರಿಲ್ ಎಂಬ ಖನಿಜದಲ್ಲಿ ಗುರುತಿಸಿದ, 1828ರಲ್ಲಿ ವೋಲರ್ ಮತ್ತು ಬುಸ್ಸಿ ಬೇರೆಬೇರೆಯಾಗಿ ಲೋಹರೂಪದಲ್ಲಿ ಪಡೆದ ಬೆರಿಲಿಯಮ್ಮನ್ನು ನೂರಕ್ಕೆ ಸುಮಾರು 2 ಭಾಗದಷ್ಟು, ಅತ್ಯಲ್ಪ ಕೋಬಾಲ್ಟ್ ಅಥವಾ ನಿಕ್ಕಲ್ಲಿನೊಡನೆ, ತಾಮ್ರಕ್ಕೆ ಕೂಡಿಸಿದರೆ, ಮೆದುಗೊಳಿಸಿದ ಶುದ್ಧ ತಾಮ್ರದಲ್ಲಿ ಸುಮಾರು 220 ಮೆಗಾಪ್ಯಾಸ್ಕಲ್ ಇರುವ ಕರ್ಷಣಬಲವು 1,200ನ್ನೂ ಮೀರಬಲ್ಲುದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ವಿದ್ಯುದ್ವಾಹಕತೆಯು ತಾಮ್ರದ ಕಾಲುಭಾಗದಷ್ಟಕ್ಕೆ ಇಳಿಯುತ್ತದೆ.

ಆದರೆ ಬೆರೆಸಿದ ಮಾತ್ರಕ್ಕೆ ಈ ಬಲವು ಬಾರದು. ಅದನ್ನು ಹೊರಪಡಿಸುವುದು ಶಾಖದ ಕ್ರಮ. ಕಾಯಿಸಿ ನೀರಿಗದ್ದಿದ ಉಕ್ಕು ಗಡಸಾಗುವುದನ್ನು ಕಮ್ಮಾರನು ಬಲ್ಲನು. ಈ ಲೋಹವಾದರೋ, ಸುಮಾರು 790 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗದ್ದಿದಾಗ ಮೆದುವಾಗುತ್ತದೆ. ಆ ಉಷ್ಣದಲ್ಲಿ ತಾಮ್ರದೊಳಗೆ ಕರಗಿದ ಬೆರಿಲಿಯಂ ಪರಮಾಣುಗಳು ಹಠಾತ್ತಾದ ತಂಪಿನಿಂದ ಇದ್ದಲ್ಲಿಯೇ ಸೆರೆಯಾಗುವುವು. ಬೇಕಾದಂತೆ ಬಗ್ಗಿಸಿ ರೂಪಿಸಿದ ತರುವಾಯ ವಸ್ತುವನ್ನು ಸುಮಾರು 315 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇರಿಸಿದರೆ, ಅವು ಅಲ್ಲಲ್ಲಿ ಅತಿಸೂಕ್ಷ್ಮ ಗುಂಪುಗಳಾಗಿ ಕೂಡಿ, ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆದು ಅದನ್ನು ಗಡಸುಗೊಳಿಸುವುವು.

ಯಂತ್ರಶಾಲೆಯಲ್ಲಿ ಈ ಗುಣವನ್ನರಿತೇ ಕೆಲಸ ಸಾಗಬೇಕು. ತೀರ ಮೆದುವಾದ ಸ್ಥಿತಿಯಲ್ಲಿ ಚೂರುಗಳು ಉದ್ದುದ್ದವಾಗಿ ಎಳೆದುಬಂದು ಉಳಿಗೆ ಅಂಟಿಕೊಳ್ಳುವುದರಿಂದ, ಎಳೆದು ಗಡಸುಗೊಳಿಸಿದ ಸರಳನ್ನು ಹರಿತವಾದ ಕಾರ್ಬೈಡ್ ಉಳಿಯಿಂದ, ಕೂಲಂಟನ್ನು ಧಾರೆಯಾಗಿ ಹರಿಸುತ್ತ ಕಡೆಯುವುದು ಲೇಸು. ಗಡಸುಗೊಳಿಸುವ ಶಾಖದಲ್ಲಿ ವಸ್ತು ತುಸು ಕುಗ್ಗುವುದಾದುದರಿಂದ, ಅಳತೆ ನಿಖರವಾಗಿರಬೇಕಾದಲ್ಲಿ ಕೊನೆಯ ನಯಗೆಲಸವನ್ನು ಆಮೇಲೆ ಮಾಡುವರು.

ವಿದ್ಯುತ್ ಕನೆಕ್ಟರುಗಳೊಳಗಿನ ಸ್ಪ್ರಿಂಗುಗಳೂ, ಒತ್ತಡವನ್ನಳೆಯುವ ಮಾಪಕಗಳ ತೆಳುಪದರಗಳೂ, ಪ್ಲಾಸ್ಟಿಕ್ ಅಚ್ಚುಗಳಲ್ಲಿ ಶಾಖವನ್ನು ಬೇಗನೆ ಸೆಳೆಯಬೇಕಾದ ಭಾಗಗಳೂ ಈ ಲೋಹದಿಂದಾಗುತ್ತವೆ. ಬಡಿದಾಗ ಉಕ್ಕಿನಂತೆ ಕಿಡಿ ಕಾರದಿರುವುದರಿಂದ ತೈಲಶುದ್ಧಿ ಕಾರ್ಖಾನೆ, ಮದ್ದುಗುಂಡಿನ ಶಾಲೆ ಮುಂತಾದೆಡೆಗಳಲ್ಲಿ ಸುತ್ತಿಗೆ, ಸ್ಪ್ಯಾನರುಗಳನ್ನು ಇದರಿಂದ ಮಾಡುವರು. ಅಯಸ್ಕಾಂತಕ್ಕೆ ಸೋಲದಿರುವುದರಿಂದ ತೈಲಬಾವಿಯ ದಿಕ್ಕನ್ನಳೆಯುವ ಉಪಕರಣಗಳ ಕವಚಕ್ಕೂ ಇದು ಸಲ್ಲುತ್ತದೆ.

ಇಷ್ಟೆಲ್ಲ ಉಪಕಾರಿಯಾದ ಲೋಹದ ವಿಷಯದಲ್ಲಿ ಒಂದು ಎಚ್ಚರವನ್ನು ಎಷ್ಟು ಹೇಳಿದರೂ ಅಧಿಕವಲ್ಲ. ಗಟ್ಟಿಯಾದ ತುಂಡನ್ನು ಮುಟ್ಟುವುದರಿಂದ ಕೇಡಿಲ್ಲ. ಆದರೆ ಒದ್ದೆಮಾಡದೆ ಉಜ್ಜಿದಾಗ ಏಳುವ ಧೂಳೂ ಕರಗಿಸುವಾಗಿನ ಹೊಗೆಯೂ ಶ್ವಾಸಕೋಶವನ್ನು ಹೊಕ್ಕರೆ, ವರ್ಷಗಳು ಕಳೆದ ಮೇಲೂ ತಲೆದೋರಬಹುದಾದ, ಸಂಪೂರ್ಣ ಗುಣವಾಗದ ರೋಗಕ್ಕೆ ಕಾರಣವಾಗುವುದುಂಟು. ಅಮೆರಿಕವು 2017ರಲ್ಲಿ ಕಾರ್ಖಾನೆಯ ಗಾಳಿಯಲ್ಲಿನ ಬೆರಿಲಿಯಮ್ಮಿಗೆ ವಿಧಿಸಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಘನಮೀಟರಿಗೆ 0.2 ಮೈಕ್ರೋಗ್ರಾಂ ಮಾತ್ರ. ಆದುದರಿಂದ ಒದ್ದೆಯಾಗಿ ಕಡೆಯುವುದು, ಧೂಳನ್ನು ಹುಟ್ಟಿದಲ್ಲಿಯೇ ಹೀರುವ ಯಂತ್ರವನ್ನಿಡುವುದು, ಚೂರುಗಳನ್ನು ಗಾಳಿಯಿಂದ ಊದದಿರುವುದು, ಕೆಲಸದ ಬಟ್ಟೆಯನ್ನು ಮನೆಗೊಯ್ಯದಿರುವುದು ಇವನ್ನೆಲ್ಲ ಈ ಲೋಹದ ಖರ್ಚಿನೊಳಗೇ ಲೆಕ್ಕ ಹಿಡಿಯತಕ್ಕುದು. ಅಷ್ಟನ್ನು ಒದಗಿಸಲಾರದ ಕಾರ್ಖಾನೆಯು ಬೇರೆ ಲೋಹವನ್ನು ಆರಿಸಿಕೊಳ್ಳುವುದೇ ಧರ್ಮ.