ಜಮೀನು ಯಾರದೆಂಬುದಷ್ಟೇ ಸಾಲದು: ನಗರ ಯೋಜಕರ ಹೊಣೆ ಏನು?

ಮೈಸೂರು ತಾಲ್ಲೂಕಿನಲ್ಲಿ ಒಂದು ಜಮೀನು ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ನಜರ್‌ಬಾದಿನ ಮಿನಿ ವಿಧಾನಸೌಧಕ್ಕೆ ಹೋಗುತ್ತಾರೆ. ತಾಲ್ಲೂಕು ಕಚೇರಿ ಇರುವುದು ಅಲ್ಲಿಯೇ. ಪಹಣಿ, ಮ್ಯುಟೇಷನ್, ಸರ್ವೆ ನಕ್ಷೆಗಳೆಲ್ಲ ಕಂದಾಯ ಇಲಾಖೆಯ ಸ್ವತ್ತು. ಆದರೆ ಅದೇ ಜಮೀನಿನಲ್ಲಿ ಮನೆ ಕಟ್ಟಬಹುದೇ, ಅಂಗಡಿ ತೆರೆಯಬಹುದೇ, ಅಥವಾ ಅದು ಮುಂದೆ ರಸ್ತೆಗೋ ಉದ್ಯಾನಕ್ಕೋ ಹೋಗುವ ನೆಲವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯದು. ಅದಕ್ಕಾಗಿ ಜೆ.ಎಲ್.ಬಿ. ರಸ್ತೆಯಲ್ಲಿರುವ ಅಭಿವೃದ್ಧಿ ಪ್ರಾಧಿಕಾರದ ಕಚೇರಿಯ ನಗರ ಯೋಜನಾ ಶಾಖೆಯ ಮೆಟ್ಟಿಲು ಹತ್ತಬೇಕು.

ಮೊದಲನೆಯದು ಒಡೆತನದ ಪ್ರಶ್ನೆ, ಎರಡನೆಯದು ಬಳಕೆಯ ಪ್ರಶ್ನೆ. ನಿವೇಶನ ಕೊಳ್ಳುವ ಬಹುಪಾಲು ಜನ ಮೊದಲ ಪ್ರಶ್ನೆಗೆ ವಕೀಲರನ್ನು ಕಾಣುತ್ತಾರೆ. ಎರಡನೆಯದನ್ನು ಕೇಳುವುದೇ ಇಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವ ಅಧಿಕಾರಿಯೇ ನಗರ ಯೋಜಕರು. ಭೂಮಿ ತುಂಡಾಗಿ ಮಾರಾಟವಾಗುವ ಮೊದಲೇ ಅದರಲ್ಲಿ ಎಲ್ಲರಿಗೂ ಸೇರಬೇಕಾದ ಪಾಲನ್ನು ಗುರುತಿಸಿ ಉಳಿಸುವುದು ಅವರ ಕೆಲಸದ ತಿರುಳು.

ಅಪ್ಪಣೆಯಿಂದ ಎದ್ದ ಊರು

ನಜರ್‌ಬಾದ್ ಎಂಬ ಹೆಸರಿನ ಹಿಂದೆಯೇ ನಗರ ನಿರ್ಮಾಣದ ಒಂದು ಪಾಠವಿದೆ. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನ್ ಹಳೆಯ ಮೈಸೂರಿನ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಸಮೀಪದ ದಿಬ್ಬದ ಮೇಲೆ ನಜರ್‌ಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಿಸಲು ತೊಡಗಿದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಒಡೆಯರ ರಾಜಧಾನಿ ಮತ್ತೆ ಮೈಸೂರಿಗೆ ಬಂದಾಗ ಅದೇ ಕಲ್ಲುಗಳು ಹಳೆಯ ಕೋಟೆಯ ಪುನರ್ನಿರ್ಮಾಣಕ್ಕೆ ಮರಳಿದವು. ಒಂದು ಅಪ್ಪಣೆಯಿಂದ ಎದ್ದ ಊರು ಇನ್ನೊಂದು ಅಪ್ಪಣೆಯಿಂದ ಕರಗಿತು. ಹೆಸರು ಮಾತ್ರ ಉಳಿಯಿತು.

ಅಪ್ಪಣೆಯ ಬದಲು ನಿಯಮದ ಪ್ರಕಾರ ಊರು ಕಟ್ಟುವ ಪ್ರಯತ್ನ ಮೈಸೂರಿನಲ್ಲಿ ಆರಂಭವಾದುದು ಶತಮಾನದ ಅನಂತರ. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಮಾರಿ ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ, ಬೆಳಕು, ಚರಂಡಿಗಳಿಲ್ಲದ ಮನೆಗಳೇ ರೋಗದ ತವರೆಂಬುದು ಆಡಳಿತಕ್ಕೆ ಮನವರಿಕೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಅಸ್ತಿತ್ವಕ್ಕೆ ಬಂದಿತು. ನೇರವಾದ ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಬಡಾವಣೆಗೊಂದು ಉದ್ಯಾನ ಎಂಬ ಕ್ರಮವನ್ನು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಕಾಣಬಹುದು. ಈ ಮಂಡಳಿಯ ಜಾಗದಲ್ಲಿ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂದಿತು. 2025ರಲ್ಲಿ ಮುಡಾ ಪ್ರತ್ಯೇಕ ಕಾಯ್ದೆಯಡಿ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಯಿತು.

ಬಣ್ಣದ ನಕ್ಷೆಗೆ ಕಾನೂನಿನ ಬಲ

ನಗರ ಯೋಜಕರ ಕೈಯಲ್ಲಿರುವ ಮುಖ್ಯ ಸಾಧನ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ಇದರ ಪ್ರಕಾರ ಸರ್ಕಾರವು ಒಂದು ನಗರ ಹಾಗೂ ಅದರ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸುತ್ತದೆ. ಮೈಸೂರಿನ ಮಟ್ಟಿಗೆ ಇದು ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ. ಆ ಪ್ರದೇಶಕ್ಕೆ ಸಿದ್ಧಪಡಿಸುವ ಮಹಾಯೋಜನೆಯೇ ಮಾಸ್ಟರ್ ಪ್ಲಾನ್.

ಮಹಾಯೋಜನೆಯ ನಕ್ಷೆಯಲ್ಲಿ ಪ್ರತಿ ಬಣ್ಣಕ್ಕೂ ಅರ್ಥವಿದೆ. ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಸಾರ್ವಜನಿಕ ಸಂಸ್ಥೆಗಳಿಗೆ, ಹಸಿರು ಉದ್ಯಾನ ಮತ್ತು ಬಯಲಿಗೆ. ಬಣ್ಣ ಬಳಿಯುವ ಮೊದಲು ಯೋಜಕರು ಈಗಿರುವ ಭೂಬಳಕೆಯ ಸಮೀಕ್ಷೆ ನಡೆಸಬೇಕು. ಜನಸಂಖ್ಯೆ ಎಷ್ಟು ಬೆಳೆದೀತು, ನೀರು ಎಲ್ಲಿಂದ ಬಂದೀತು, ವಾಹನಗಳು ಯಾವ ದಾರಿ ಹಿಡಿದಾವು, ಮಳೆನೀರು ಎತ್ತ ಹರಿದೀತು ಎಂದು ಲೆಕ್ಕ ಹಾಕಬೇಕು. ಕರಡು ನಕ್ಷೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸಿ, ಪರಿಶೀಲಿಸಿದ ಬಳಿಕವೇ ಅಂತಿಮ ಅನುಮೋದನೆ ದೊರೆಯುತ್ತದೆ. ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಣೆಗೂ ಅಧಿನಿಯಮದಲ್ಲಿ ಅವಕಾಶವಿದೆ.

ಒಮ್ಮೆ ಅನುಮೋದನೆಯಾದರೆ ಈ ನಕ್ಷೆ ಬರಿಯ ಚಿತ್ರವಲ್ಲ, ಕಾನೂನು. ಅದಕ್ಕೆ ವಿರುದ್ಧವಾದ ಬಳಕೆ ಬೇಕಾದವರು 14ಎ ಕಲಂ ಅನ್ವಯ ಭೂಬಳಕೆ ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಅದನ್ನು ಸಾರ್ವಜನಿಕರ ಗಮನಕ್ಕೆ ತರಬೇಕು. ನಕ್ಷೆಯಲ್ಲಿ ಹಳದಿಯ ಪಕ್ಕದಲ್ಲಿ ಹಾದುಹೋಗುವ ಒಂದು ಗೆರೆ ಎಕರೆಯ ಬೆಲೆಯನ್ನು ಹಲವು ಪಟ್ಟು ಏರಿಸಬಲ್ಲದು ಇಲ್ಲವೇ ಇಳಿಸಬಲ್ಲದು. ಯೋಜಕರ ಮೇಜಿನ ಮೇಲೆ ಬೀಳುವ ಒತ್ತಡದ ಮೂಲವೂ ಇದೇ.

ಹತ್ತು ಎಕರೆಯ ಲೆಕ್ಕ

ಕೃಷಿ ಜಮೀನು ಬಡಾವಣೆಯಾಗಲು ಎರಡು ಹೊಸ್ತಿಲುಗಳನ್ನು ದಾಟಬೇಕು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಂ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತನೆ ಮೊದಲನೆಯದು. ಯೋಜನಾ ಅಧಿನಿಯಮದ 17ನೇ ಕಲಂ ಅನ್ವಯ ಬಡಾವಣೆ ನಕ್ಷೆಗೆ ಅನುಮೋದನೆ ಎರಡನೆಯದು. ಪರಿವರ್ತನೆಯಾಗಿದೆ ಎಂಬ ಮಾತ್ರಕ್ಕೆ ಬಡಾವಣೆ ಅಧಿಕೃತವಾಗದು. ಎಷ್ಟೋ ಕುಟುಂಬಗಳು ಎಡವಿರುವುದು ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ.

ಎರಡನೆಯ ಹೊಸ್ತಿಲಲ್ಲಿ ಯೋಜಕರು ನೋಡುವುದೇನು? ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ, 1987 ಪ್ರಾಧಿಕಾರವು ತಾನೇ ರಚಿಸುವ ಬಡಾವಣೆಗಳಿಗೆ ಒಂದು ಅಳತೆ ಹಾಕಿಕೊಟ್ಟಿತು: ಒಟ್ಟು ವಿಸ್ತೀರ್ಣದ ಶೇ 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಮೈದಾನ, ಅದರ ಮೇಲೆ ಶೇ 10ಕ್ಕೆ ಕಡಿಮೆಯಿಲ್ಲದಂತೆ ನಾಗರಿಕ ಸೌಲಭ್ಯ. ಈ ಅಳತೆಯಲ್ಲಿ ಹತ್ತು ಎಕರೆಯ ಬಡಾವಣೆಯಲ್ಲಿ ಒಂದೂವರೆ ಎಕರೆ ಉದ್ಯಾನ, ಒಂದು ಎಕರೆ ಶಾಲೆ, ಆಸ್ಪತ್ರೆ, ಅಂಚೆ ಕಚೇರಿಯಂಥವುಗಳಿಗೆ. ಉಳಿದ ಏಳೂವರೆ ಎಕರೆಯಲ್ಲಿ ರಸ್ತೆಗಳನ್ನು ಬಿಟ್ಟ ಮೇಲೆ ದೊರೆಯುವುದೇ ನಿವೇಶನ. ಖಾಸಗಿ ಬಡಾವಣೆಗಳಿಗೆ ವಲಯ ನಿಯಮಾವಳಿಯ ಪ್ರಕಾರ ಬೇರೆ ಪ್ರಮಾಣವಿದ್ದರೂ ತತ್ವ ಒಂದೇ.

ಪ್ರಮಾಣ ಸರಿಯಿದ್ದರೆ ಸಾಲದು, ಜಾಗವೂ ಸರಿಯಿರಬೇಕು. ಹಳ್ಳದ ದಂಡೆಯ ಇಳಿಜಾರನ್ನೋ, ವಿದ್ಯುತ್ ತಂತಿಯ ಕೆಳಗಿನ ಪಟ್ಟಿಯನ್ನೋ ಉದ್ಯಾನವೆಂದು ತೋರಿಸಿ ಲೆಕ್ಕ ತುಂಬಿಸುವುದು ಹಳೆಯ ತಂತ್ರ. ಬಡಾವಣೆಯ ರಸ್ತೆ ಪಕ್ಕದ ಜಮೀನಿನ ರಸ್ತೆಗೆ ಕೂಡಿಕೊಳ್ಳುತ್ತದೆಯೇ, ಚರಂಡಿಯ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನು ಸ್ಥಳಕ್ಕೆ ಹೋಗಿ ನೋಡುವುದು ಯೋಜಕರ ಕರ್ತವ್ಯ. ಅನುಮೋದನೆಯ ಬಳಿಕ ರಸ್ತೆ, ಉದ್ಯಾನ, ಸೌಲಭ್ಯದ ಜಾಗಗಳನ್ನು ಮಾಲೀಕರು ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಹಾಗೆ ಬರೆದುಕೊಡದ ಉದ್ಯಾನ ಕೆಲವೇ ವರ್ಷಗಳಲ್ಲಿ ನಿವೇಶನವಾಗಿ ಮಾರಾಟವಾಗುವ ಅಪಾಯವಿದೆ.

ಎರಡು ದಾಖಲೆ ಹೊಂದದಿದ್ದರೆ

ಒಡೆತನದ ದಾಖಲೆ ಮತ್ತು ಬಳಕೆಯ ನಕ್ಷೆ ಒಂದಕ್ಕೊಂದು ಹೊಂದದಿದ್ದರೆ ಏನಾಗುವುದೆಂಬುದಕ್ಕೆ ನಜರ್‌ಬಾದಿನ ಪಕ್ಕದಲ್ಲೇ ಉದಾಹರಣೆಯಿದೆ. ಚಾಮುಂಡಿ ಬೆಟ್ಟದ ಬುಡದ ಕುರುಬಾರಹಳ್ಳಿ ಸರ್ವೆ ನಂಬರ್ 4 ಮತ್ತು ಆಲನಹಳ್ಳಿ ಸರ್ವೆ ನಂಬರ್ 41ರ ವಿಶಾಲ ಭೂಮಿಯ ಬಗ್ಗೆ ಸರ್ಕಾರ ಹಾಗೂ ರಾಜವಂಶಸ್ಥರ ನಡುವೆ ದೀರ್ಘಕಾಲದ ವಿವಾದವಿದೆ. 2015ರಲ್ಲಿ ಜಿಲ್ಲಾಡಳಿತ ಈ ಭೂಮಿಯನ್ನು 'ಬಿ' ಖರಾಬು, ಅಂದರೆ ಸಾರ್ವಜನಿಕ ಉದ್ದೇಶದ ಸರ್ಕಾರಿ ಭೂಮಿ ಎಂದು ಘೋಷಿಸಿತು. ಆದರೆ ಅದರ ವ್ಯಾಪ್ತಿಯಲ್ಲಿ ಸಿದ್ಧಾರ್ಥನಗರದಂಥ, ದಶಕಗಳ ಹಿಂದೆಯೇ ರಚನೆಯಾಗಿ ಜನ ಮನೆ ಕಟ್ಟಿಕೊಂಡಿದ್ದ ಬಡಾವಣೆಗಳೂ ಇದ್ದವು. ವಿವಾದದಲ್ಲಿ ಪಕ್ಷಗಾರರೇ ಅಲ್ಲದ ಮನೆ ಮಾಲೀಕರು ಖಾತೆ, ನಕ್ಷೆ ಅನುಮೋದನೆಗಳಿಗಾಗಿ ಅಲೆದಾಡುವಂತಾಯಿತು. ಒಂದು ಕಚೇರಿಯ ನಕ್ಷೆಯನ್ನು ನಂಬಿ ಬದುಕು ಕಟ್ಟಿಕೊಂಡವರು ಇನ್ನೊಂದು ಕಚೇರಿಯ ದಾಖಲೆಯಿಂದ ಕಷ್ಟಕ್ಕೊಳಗಾದರು.

ಮುಡಾದ 50:50 ಹಂಚಿಕೆಯ ಪ್ರಕರಣದಲ್ಲೂ ಇಂಥದೇ ಬಿರುಕು ಕಾಣುತ್ತದೆ. ಸ್ವಾಧೀನಪಡಿಸಿಕೊಳ್ಳದೆಯೇ ಬಡಾವಣೆಗೆ ಬಳಸಿಕೊಂಡ ಜಮೀನಿಗೆ ಪರಿಹಾರವಾಗಿ ಅಭಿವೃದ್ಧಿಪಡಿಸಿದ ಭೂಮಿಯ ಅರ್ಧದಷ್ಟನ್ನು ಮಾಲೀಕರಿಗೆ ನೀಡುವ ಈ ಪದ್ಧತಿ 2020ರಲ್ಲಿ ಜಾರಿಗೆ ಬಂದು 2023ರಲ್ಲಿ ರದ್ದಾಯಿತು. ಅದರಡಿ ನಡೆದ ಹಂಚಿಕೆ 2024ರಲ್ಲಿ ರಾಜ್ಯ ರಾಜಕಾರಣವನ್ನೇ ಅಲುಗಿಸಿ ಲೋಕಾಯುಕ್ತ ಮತ್ತು ಜಾರಿ ನಿರ್ದೇಶನಾಲಯದ ತನಿಖೆಗಳಿಗೆ ವಸ್ತುವಾಯಿತು. ಆರೋಪಗಳ ಸತ್ಯಾಸತ್ಯತೆ ಏನೇ ಇರಲಿ, ಯೋಜನೆಯ ದೃಷ್ಟಿಯಿಂದ ಪ್ರಶ್ನೆ ಸರಳವಾದುದು: ಸ್ವಾಧೀನದ ಕಡತ ಪೂರ್ಣಗೊಳ್ಳುವ ಮೊದಲೇ ಆ ನೆಲದ ಮೇಲೆ ರಸ್ತೆ, ನಿವೇಶನಗಳ ಗೆರೆ ಬಿದ್ದುದೇಕೆ?

ಹಸಿರು ಬಣ್ಣದ ಆಯುಷ್ಯ

ನಕ್ಷೆಯಲ್ಲಿ ಉದ್ಯಾನವೆಂದು ಹಸಿರು ಬಳಿದರೆ ಅದು ಶಾಶ್ವತ ಎಂದು ನಾಗರಿಕರು ಭಾವಿಸುವುದು ಸಹಜ. ಆದರೆ ಖಾಸಗಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿ ಐದು ವರ್ಷಗಳೊಳಗೆ ಒಪ್ಪಂದವನ್ನಾಗಲೀ ಸ್ವಾಧೀನ ಪ್ರಕ್ರಿಯೆಯನ್ನಾಗಲೀ ಕೈಗೊಳ್ಳದಿದ್ದರೆ ಆ ಗುರುತು ತಾನಾಗಿಯೇ ಬಿದ್ದುಹೋಗುತ್ತದೆ ಎನ್ನುತ್ತದೆ ಯೋಜನಾ ಅಧಿನಿಯಮದ 69ನೇ ಕಲಂ. ಮಾಲೀಕನನ್ನು ಅನಿರ್ದಿಷ್ಟ ಕಾಲ ಕಟ್ಟಿಹಾಕುವುದು ಅನ್ಯಾಯ ಎಂಬುದು ಇದರ ಹಿಂದಿನ ನ್ಯಾಯ. ಆದ್ದರಿಂದ ಹಣ ಮತ್ತು ಕಾಲಮಿತಿಯಿಲ್ಲದ ಹಸಿರು ಬಣ್ಣ ಜನರಿಗೆ ಉದ್ಯಾನವನ್ನೂ ಕೊಡದು, ಮಾಲೀಕನಿಗೆ ನೆಮ್ಮದಿಯನ್ನೂ ಕೊಡದು.

ಸಾರ್ವಜನಿಕ ಸ್ವತ್ತಾಗಿ ಈಗಾಗಲೇ ಕೈಸೇರಿದ ಉದ್ಯಾನದ ಕಥೆ ಬೇರೆ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಸ್ಥಳೀಯ ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಬಡಾವಣೆಯ ಬಯಲು ಜಾಗವನ್ನು ಕಾಯಲು ನಿವಾಸಿಗಳಿಗೆ ಹಕ್ಕಿದೆ ಎಂದು ಒಪ್ಪಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಈ ತೀರ್ಪು ಇಂದಿಗೂ ದೇಶದಾದ್ಯಂತ ಉಲ್ಲೇಖವಾಗುತ್ತದೆ.

ನೀರಿಗೆ ಸರ್ವೆ ನಂಬರ್ ಇಲ್ಲ

ನಜರ್‌ಬಾದಿನ ಆಸುಪಾಸು ಮೃಗಾಲಯ, ಕಾರಂಜಿ ಕೆರೆ, ಲಲಿತಮಹಲ್ ಅರಮನೆ, ಅವುಗಳಾಚೆ ಚಾಮುಂಡಿ ಬೆಟ್ಟ. ಇಷ್ಟು ಬಯಲು ನಗರದ ಮಗ್ಗುಲಲ್ಲೇ ಉಳಿದಿರುವುದು ಮೈಸೂರಿನ ಭಾಗ್ಯ. ಭೂ ವ್ಯವಹಾರಸ್ಥರ ಕಣ್ಣು ಬೀಳುವುದೂ ಅಲ್ಲಿಯೇ. ಬೆಟ್ಟದ ತಪ್ಪಲಿನ ಮಳೆನೀರು ಕಾಲುವೆಗಳ ಮೂಲಕ ಕೆರೆಗೆ ಇಳಿಯಬೇಕು. ಹಾಳಾಗಿದ್ದ ಕಾರಂಜಿ ಕೆರೆಗೆ 2000ರ ದಶಕದ ಆರಂಭದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಮರುಜೀವ ನೀಡಲಾಯಿತು. ಆದರೆ ಕೆರೆಯ ಅಂಗಳವನ್ನಷ್ಟೇ ಕಾದರೆ ಕೆರೆ ಉಳಿಯದು. ನೀರು ಬರುವ ದಾರಿಯನ್ನೂ ಕಾಯಬೇಕು. ಒಂದೊಂದು ಬಡಾವಣೆಯ ನಕ್ಷೆಯನ್ನು ಪ್ರತ್ಯೇಕವಾಗಿ ನೋಡಿದಾಗ ಎಲ್ಲವೂ ನಿಯಮಬದ್ಧವಾಗಿಯೇ ಕಾಣಬಹುದು. ಹತ್ತು ಬಡಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾಲುವೆ ಎಲ್ಲಿ ಕಡಿದುಹೋಗಿದೆ ಎಂಬುದು ಗೋಚರಿಸುತ್ತದೆ. ಹಾಗೆ ಒಟ್ಟಿಗೆ ನೋಡಬೇಕಾದ ಹೊಣೆ ನಗರ ಯೋಜಕರದು.

ಅಂತಿಮ ನಿರ್ಧಾರ ಮಾತ್ರ ಅವರೊಬ್ಬರ ಕೈಯಲ್ಲಿಲ್ಲ. ಪ್ರಾಧಿಕಾರದ ಸಭೆಯಲ್ಲಿ ಅಧ್ಯಕ್ಷರು, ಆಯುಕ್ತರು, ಶಾಸಕರು ಇರುತ್ತಾರೆ. ನಗರ ಯೋಜಕ ಸದಸ್ಯರು ನೀಡುವುದು ತಾಂತ್ರಿಕ ಅಭಿಪ್ರಾಯ. ಆದರೂ ಕಡತದಲ್ಲಿ ಅವರು ಬರೆಯುವ ಟಿಪ್ಪಣಿಗೆ ತೂಕವಿದೆ. 'ಈ ಜಾಗದಲ್ಲಿ ಕಾಲುವೆ ಹಾದುಹೋಗಿದೆ' ಎಂಬ ಒಂದು ವಾಕ್ಯ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ. ಆ ವಾಕ್ಯ ಬರೆಯದಿದ್ದರೆ ಕಾಲುವೆ ಕಾಗದದಿಂದಲೂ ಮಾಯವಾಗುತ್ತದೆ.

ನಾಗರಿಕರು ಮಾಡಬೇಕಾದುದು

ತಡವಾಗಿ ಬಂದ ಯೋಜನೆಗೆ ನಮ್ಮಲ್ಲಿ ಅಕ್ರಮ–ಸಕ್ರಮ ಎಂಬ ಹೆಸರಿದೆ. ನಿಯಮ ಮೀರಿದ ಕಟ್ಟಡಗಳಿಗೆ ದಂಡ ವಿಧಿಸಿ ಸಕ್ರಮಗೊಳಿಸುವ ರಾಜ್ಯದ ಯೋಜನೆಯನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಮನೆ ಎದ್ದ ಮೇಲೆ ರಸ್ತೆ ಅಗಲವಾಗದು, ನುಂಗಿದ ಉದ್ಯಾನ ಮರಳದು.

ಆದ್ದರಿಂದ ನಿವೇಶನ ಕೊಳ್ಳುವವರು ಕ್ರಯಪತ್ರ ಹಾಗೂ ಋಣಭಾರ ಪತ್ರದ ಜೊತೆಗೆ ಇನ್ನೂ ನಾಲ್ಕನ್ನು ಕೇಳಿ ಪಡೆಯಬೇಕು: ಮಹಾಯೋಜನೆಯಲ್ಲಿ ಆ ಸರ್ವೆ ನಂಬರಿನ ಬಣ್ಣ, ಭೂಪರಿವರ್ತನೆಯ ಆದೇಶ, ಪ್ರಾಧಿಕಾರದ ಮೊಹರಿರುವ ಬಡಾವಣೆ ನಕ್ಷೆ, ಹಾಗೂ ರಸ್ತೆ–ಉದ್ಯಾನಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರ. ಈಗಾಗಲೇ ಮನೆ ಇರುವವರು ತಮ್ಮ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದು, ಅದರಲ್ಲಿ ತೋರಿಸಿದ ಉದ್ಯಾನ ನೆಲದ ಮೇಲೂ ಇದೆಯೇ ಎಂದು ಒಮ್ಮೆ ನಡೆದು ನೋಡುವುದೊಳಿತು.

ಜನರ ಮಾತಿಗೆ ಬೆಲೆಯಿಲ್ಲ ಎನ್ನುವಂತಿಲ್ಲ. 2021ರಲ್ಲಿ ಲಲಿತಮಹಲ್ ಬಳಿ ಹೆಲಿ ಪ್ರವಾಸೋದ್ಯಮಕ್ಕಾಗಿ ನೂರಾರು ಮರಗಳನ್ನು ಕಡಿಯುವ ಪ್ರಸ್ತಾವ ಬಂದಾಗ ಮೈಸೂರಿಗರು ಆಕ್ಷೇಪಣೆಗಳ ಸುರಿಮಳೆಗರೆದರು. ಸರ್ಕಾರ ಪ್ರಸ್ತಾವವನ್ನು ಕೈಬಿಟ್ಟಿತು. ಮಹಾಯೋಜನೆಯ ಕರಡು ಪ್ರಕಟವಾದಾಗ ಸಲ್ಲಿಸುವ ಒಂದು ಪುಟದ ಆಕ್ಷೇಪಣೆಗೂ ಕಾನೂನಿನಲ್ಲಿ ಅದೇ ಸ್ಥಾನವಿದೆ. ನಗರ ಯೋಜಕರು 'ಆಗದು' ಎಂದು ಟಿಪ್ಪಣಿ ಬರೆಯಲು ಧೈರ್ಯ ಬೇಕು. ಆ ಧೈರ್ಯಕ್ಕೆ ಕಡತದಲ್ಲಿರುವ ನಾಗರಿಕರ ಅರ್ಜಿಯೇ ಆಸರೆ.